ಫೈಬರ್ ಕೇಬಲ್ ಕಂಬದ ಮೇಲಿರಬೇಕೋ, ನೆಲದ ಒಳಗಿರಬೇಕೋ?

ಪ್ರಶ್ನೆ: ನಮ್ಮ ಬೀದಿಯಲ್ಲಿ ನಲವತ್ತು ಮನೆಗಳಿವೆ. ಇಂಟರ್ನೆಟ್ ಕಂಪನಿಯೊಂದು ಫೈಬರ್ ಕೇಬಲ್ ತರಲು ಮುಂದೆ ಬಂದಿದೆ. ಈಗಿರುವ ವಿದ್ಯುತ್ ಕಂಬಗಳ ಮೇಲೆ ಎಳೆದರೆ ಮೂರು ವಾರದಲ್ಲಿ ಸಂಪರ್ಕ ಸಿಗುತ್ತದೆ, ನೆಲದೊಳಗೇ ಬೇಕೆಂದರೆ ಅನುಮತಿ, ಅಗೆತ ಎಲ್ಲ ಸೇರಿ ಎಂಟು ತಿಂಗಳಾಗುತ್ತದೆ ಮತ್ತು ಖರ್ಚಿನಲ್ಲಿ ಒಂದು ಪಾಲನ್ನು ನಿವಾಸಿಗಳೇ ಹೊರಬೇಕು ಎನ್ನುತ್ತಾರೆ. ನನ್ನ ಮನೆ ರಸ್ತೆಯಿಂದ 140 ಮೀಟರ್ ಒಳಗಿದೆ. ದಾರಿಯುದ್ದಕ್ಕೂ ದೊಡ್ಡ ಮರಗಳಿವೆ. ಹಿಂದೆ ತಾಮ್ರದ ಟೆಲಿಫೋನ್ ತಂತಿಯಲ್ಲಿ ಸಿಡಿಲು ಹರಿದು ಎರಡು ಸಲ ಮೋಡೆಮ್ ಸುಟ್ಟುಹೋಯಿತು. ನೆಲದೊಳಗೆ ಹಾಕಿಸಿದರೆ ಜೀವಮಾನದಲ್ಲಿ ಮತ್ತೆ ಅತ್ತ ನೋಡಬೇಕಿಲ್ಲ ಎಂದು ನೆರೆಯವರಲ್ಲಿ ಕೆಲವರು ಹೇಳುತ್ತಾರೆ. ನೆಲದೊಳಗೆ ನೀರು ನಿಂತರೆ ಕೇಬಲ್ ಸತ್ತಂತೆಯೇ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಕಂಬದ ಕೇಬಲ್ಲಿನಲ್ಲಿ ಮಳೆ ಬಂದಾಗ ವೇಗ ಕುಸಿಯುತ್ತದೆ ಎಂಬ ಮಾತೂ ಇದೆ. ಮನೆಯಿಂದಲೇ ಕೆಲಸ ಮಾಡುವ ನನಗೆ ಒಂದು ದಿನ ಸಂಪರ್ಕ ಕಡಿದರೂ ನಷ್ಟ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ: ವೇಗ ಕಡಿಮೆಯಾದೀತೇ, ಸಿಡಿಲು ಮತ್ತೆ ಮನೆಯೊಳಗೆ ಬಂದೀತೇ, ಸಂಪರ್ಕ ಕಡಿದರೆ ಎಷ್ಟು ಹೊತ್ತು ಕಾಯಬೇಕಾದೀತು. ಇವುಗಳಲ್ಲಿ ಮೊದಲನೆಯದನ್ನು ನೀವು ಇಂದೇ ಮನಸ್ಸಿನಿಂದ ತೆಗೆದುಹಾಕಬಹುದು. ಎರಡನೆಯದಕ್ಕೆ ಉತ್ತರವಿರುವುದು ಕೇಬಲ್ಲಿನ ಒಳರಚನೆಯಲ್ಲಿ. ಅದು ಮೇಲಿದೆಯೋ ಕೆಳಗಿದೆಯೋ ಎಂಬುದರಲ್ಲಿ ಅಲ್ಲ. ನಿಜವಾಗಿ ತೂಗಿನೋಡಬೇಕಾದದ್ದು ಮೂರನೆಯದು. ಎರಡು ದಶಕಗಳಿಗೂ ಹೆಚ್ಚು ಕಾಲ ಕಂಬ ಹತ್ತಿ, ಗುಂಡಿಗಿಳಿದು ಕಡಿದ ಎಳೆಗಳನ್ನು ಬೆಸೆದವನಾಗಿ, ನನ್ನ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಕೊಡುತ್ತೇನೆ.

ವೇಗದ ಮಾತನ್ನು ಮೊದಲು ಮುಗಿಸೋಣ. ಮನೆಗಳಿಗೆ ಬರುವ ಫೈಬರ್ ಎಳೆಯ ಗಾಜು 125 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಿರುತ್ತದೆ. ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರಾನ್ ಮಾತ್ರ. ಆ ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೊರಗೆ ಮಳೆ ಸುರಿದರೂ ಬಿಸಿಲು ಕಾದರೂ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋದರೂ ಅದಕ್ಕೆ ಸಂಬಂಧವಿಲ್ಲ. ಬೆಳಕು ಎಷ್ಟು ಕುಗ್ಗಿತೆಂಬುದನ್ನು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ. ಒಂದು ಕಿಲೋಮೀಟರಿಗೆ ಆಗುವ ನಷ್ಟವು 1310 ನ್ಯಾನೋಮೀಟರ್ ತರಂಗದಲ್ಲಿ ಸುಮಾರು 0.35 ಡೆಸಿಬೆಲ್, 1550ರಲ್ಲಿ ಸುಮಾರು 0.2 ಡೆಸಿಬೆಲ್, ಕೇಬಲ್ ಕಂಬದ ಮೇಲಿದ್ದರೂ ಮಣ್ಣಿನಲ್ಲಿದ್ದರೂ ಈ ಅಂಕಿ ಒಂದೇ. ಹಾಗಿದ್ದರೆ ಮಳೆ ಬಂದಾಗ ನಿಧಾನವಾಯಿತು ಎಂದು ಜನ ಹೇಳುವುದು ಸುಳ್ಳೇ? ಸುಳ್ಳಲ್ಲ, ಆದರೆ ಕಾರಣ ಬೇರೆ. ಹಲವು ಕಡೆ ಫೈಬರ್ ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಬಂದು, ಅಲ್ಲಿಂದ ಮನೆಗೆ ಹಳೆಯ ತಾಮ್ರದ ತಂತಿಯೇ ಇರುತ್ತದೆ. ತಾಮ್ರದ ಕೀಲುಗಳಿಗೆ ನೀರು ಇಳಿದರೆ ವೇಗ ಖಂಡಿತ ಬೀಳುತ್ತದೆ. ಪೂರ್ತಿ ಫೈಬರ್ ಇರುವಲ್ಲಿಯೂ, ಎಳೆಯನ್ನು ಎಲ್ಲೋ ಮೂಲೆಯಲ್ಲಿ ಅತಿಯಾಗಿ ಬಾಗಿಸಿದ್ದರೆ, ಗಾಳಿಗೆ ಕೇಬಲ್ ತೂಗಿದಾಗ ಆ ಬಾಗು ಇನ್ನಷ್ಟು ಬಿಗಿಯಾಗಿ ಬೆಳಕು ಹೊರಗೆ ಸೋರುತ್ತದೆ. ಉದ್ದ ತರಂಗಕ್ಕೆ ಈ ಸೋರಿಕೆ ಹೆಚ್ಚು. ಇದು ಜೋಡಿಸಿದವರ ತಪ್ಪು, ಕಂಬದ ತಪ್ಪಲ್ಲ. ನೆಲದ ಗುಂಡಿಯ ಪೆಟ್ಟಿಗೆಯೊಳಗೂ ಇದೇ ತಪ್ಪನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಸಿಡಿಲು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಫೈಬರ್ ಬಂದರೆ ಸಿಡಿಲಿನ ಭಯವೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಕೇಬಲ್ ಎಂದರೆ ಬರೀ ಗಾಜಲ್ಲ. ತೂಗುಹಾಕುವ ಕೇಬಲ್ಲುಗಳಲ್ಲಿ ಹಲವಕ್ಕೆ ಭಾರ ಹೊರಲು ಒಂದು ಉಕ್ಕಿನ ತಂತಿ ಇರುತ್ತದೆ. ನೆಲದಲ್ಲಿ ಹೂಳುವ ಕೇಬಲ್ಲುಗಳಲ್ಲಿ ಹಲವಕ್ಕೆ ಇಲಿ ಹೆಗ್ಗಣಗಳಿಂದ ಕಾಪಾಡಲು ಸುತ್ತ ಉಕ್ಕಿನ ಪಟ್ಟಿಯ ಕವಚವಿರುತ್ತದೆ. ಈ ಲೋಹವೇ ಸಿಡಿಲಿಗೆ ದಾರಿ. ಮಣ್ಣಿನೊಳಗಿದ್ದರೆ ಸಿಡಿಲು ತಟ್ಟದು ಎಂಬುದೂ ನಿಜವಲ್ಲ: ಮರಕ್ಕೆ ಬಡಿದ ಸಿಡಿಲು ಬೇರುಗಳ ಮೂಲಕ ನೆಲಕ್ಕಿಳಿದು, ಸಮೀಪದಲ್ಲಿ ಲೋಹದ ಕವಚವಿದ್ದರೆ ಅದನ್ನು ಹಿಡಿದು ಸಾಗುತ್ತದೆ, ಕೆಲವೊಮ್ಮೆ ಹೊದಿಕೆಯನ್ನೇ ತೂತು ಮಾಡುತ್ತದೆ. ನಿಮ್ಮ ದಾರಿಯಲ್ಲಿ ದೊಡ್ಡ ಮರಗಳಿರುವುದರಿಂದ ಇದು ನಿಮಗೆ ದೂರದ ಮಾತಲ್ಲ. ಹಾಗಾಗಿ ನಿಮ್ಮ ಮನೆಗೆ ಬರುವ ತುಂಡಿನಲ್ಲಿ ಲೋಹವೇ ಇರಬಾರದು, ಬಲಕ್ಕೆ ಗಾಜಿನ ನಾರಿನ ಕಡ್ಡಿ ಅಥವಾ ಅರಾಮಿಡ್ ಎಂಬ ಗಟ್ಟಿ ಕೃತಕ ನಾರಿನ ನೂಲು ಇರಬೇಕು ಎಂದು ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಯಾವುದೋ ಕಾರಣಕ್ಕೆ ಲೋಹವಿರುವ ಕೇಬಲ್ಲೇ ಬಂದರೆ, ಅದರ ಲೋಹಭಾಗವನ್ನು ಮನೆಯ ಹೊರಗೋಡೆಯಲ್ಲೇ ಕಡಿದು ಭೂಸಂಪರ್ಕಕ್ಕೆ ಕಟ್ಟಬೇಕು. ಇಷ್ಟೆಲ್ಲ ಮಾಡಿದರೂ ಒಂದು ದಾರಿ ಉಳಿಯುತ್ತದೆ: ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆ ಮನೆಯ ವಿದ್ಯುತ್ತಿನಿಂದಲೇ ನಡೆಯುತ್ತದೆ, ವಿದ್ಯುತ್ ತಂತಿಯ ಮೂಲಕ ಬಂದ ಆಘಾತ ಅದನ್ನು ಸುಡಬಲ್ಲದು. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನೆಲದೊಳಗೆ ಹಾಕಿದರೆ ಜೀವಮಾನದ ನಿಶ್ಚಿಂತೆ ಎನ್ನುವವರು, ಕೇಬಲ್ ಹಳತಾಗಿ ಸಾಯುತ್ತದೆ, ಮಣ್ಣಿನಲ್ಲಿ ಅದು ನಿಧಾನವಾಗಿ ಹಳತಾಗುತ್ತದೆ ಎಂದು ಭಾವಿಸಿದಂತೆ ಕಾಣುತ್ತದೆ. ಗಾಜಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳಿದೆ. ಗಾಜಿನ ಎಳೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಎಳೆತ ಮತ್ತು ತೇವ ಎರಡೂ ಒಟ್ಟಿಗೆ ಸೇರಿದಾಗ ಅವು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತವೆ. ಇದನ್ನು ಬಲ್ಲ ತಯಾರಕರು ಪ್ರತಿಯೊಂದು ಎಳೆಯನ್ನೂ ಅದರ ಉದ್ದದ ಶೇಕಡಾ 1ರಷ್ಟು ಹಿಗ್ಗುವ ಬಲದಿಂದ ಎಳೆದು ಪರೀಕ್ಷಿಸಿ ಕಳಿಸುತ್ತಾರೆ. ಬಳಕೆಯಲ್ಲಿ ಸದಾಕಾಲ ಇರುವ ಎಳೆತ ಆ ಪರೀಕ್ಷೆಯ ಐದರಲ್ಲಿ ಒಂದು ಭಾಗವನ್ನು ಮೀರಬಾರದು ಎಂಬುದು ನಮ್ಮ ವೃತ್ತಿಯಲ್ಲಿ ರೂಢಿಯ ನಿಯಮ. ಸರಿಯಾಗಿ ಮಾಡಿದ ಕೇಬಲ್ಲಿನಲ್ಲಿ ಎಳೆಗಳು ಕೊಳವೆಯೊಳಗೆ ಸಡಿಲವಾಗಿ, ಕೊಳವೆಗಿಂತ ತುಸು ಉದ್ದವಾಗಿಯೇ ಇರುತ್ತವೆ. ಹೊರಗಿನ ಕೇಬಲ್ ಸ್ವಲ್ಪ ಹಿಗ್ಗಿದರೂ ಎಳೆಗೆ ಅದರ ಅರಿವೇ ಆಗುವುದಿಲ್ಲ. ಹೊದಿಕೆಯ ಕಪ್ಪು ಪಾಲಿಎಥಿಲೀನಿನಲ್ಲಿ ಬೆರೆಸಿದ ಇಂಗಾಲದ ಪುಡಿ ಬಿಸಿಲನ್ನು ತಡೆಯುತ್ತದೆ. ಆದ್ದರಿಂದ ಕೆಲಸ ಚೆನ್ನಾಗಿ ಆಗಿದ್ದರೆ ಮೇಲಿನ ಕೇಬಲ್ಲೂ ಕೆಳಗಿನ ಕೇಬಲ್ಲೂ ಇಪ್ಪತ್ತೈದು ವರ್ಷಗಳನ್ನು ನಿರಾತಂಕವಾಗಿ ಕಳೆಯಬಲ್ಲವು. ನನ್ನ ಅನುಭವದಲ್ಲಿ ಮುಪ್ಪಿನಿಂದ ಸತ್ತ ಕೇಬಲ್ ಅಪರೂಪ. ಯಾರಾದರೂ ಕಡಿದು, ಯಾವುದಾದರೂ ಬಿದ್ದು, ಏನಾದರೂ ಕಚ್ಚಿ ಸತ್ತವೇ ಹೆಚ್ಚು.

ನೆಲದೊಳಗಿನ ಕೇಬಲ್ಲಿಗೆ ಮೊದಲ ಶತ್ರು ಮಣ್ಣು ಅಗೆಯುವ ಯಂತ್ರ. ನೀರಿನ ಪೈಪಿಗೆ, ಚರಂಡಿಗೆ, ಬೇಲಿಯ ಕಂಬಕ್ಕೆ, ಇನ್ನೊಂದು ಕಂಪನಿಯ ಕೇಬಲ್ಲಿಗೆ ಎಂದು ಯಾರೋ ಎಲ್ಲೋ ಅಗೆಯುತ್ತಲೇ ಇರುತ್ತಾರೆ. ಲೋಹವಿಲ್ಲದ ಕೇಬಲ್ ಸಿಡಿಲಿನಿಂದ ಸುರಕ್ಷಿತ ಎಂದೆನಲ್ಲ, ಅದಕ್ಕೊಂದು ಬೆಲೆಯೂ ಇದೆ: ನೆಲದ ಮೇಲೆ ನಡೆದು ಕೇಬಲ್ ಪತ್ತೆಹಚ್ಚುವ ಉಪಕರಣಕ್ಕೆ ಅದು ಕಾಣುವುದೇ ಇಲ್ಲ. ಹಾಗಾಗಿ ಅದರ ಜೊತೆಗೆ ಗುರುತಿನ ತಂತಿಯೊಂದನ್ನು ಹೂಳಬೇಕು, ಮೇಲೆ ಒಂದಡಿ ಮಣ್ಣು ಬಿಟ್ಟು ಎಚ್ಚರಿಕೆಯ ಬಣ್ಣದ ಪಟ್ಟಿ ಹಾಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನಕ್ಷೆ ಸರಿಯಿರಬೇಕು. ಒಂದೇ ಬೀದಿಯಲ್ಲಿ ಒಂದೇ ವರ್ಷ ಮೂರು ಸಲ ಕಡಿದ ಕೇಬಲ್ಲನ್ನು ನಾನು ಬೆಸೆದಿದ್ದೇನೆ. ಮೂರು ಸಲವೂ ಅಗೆದವರು ನಕ್ಷೆ ನೋಡಿಯೇ ಅಗೆದಿದ್ದರು. ನಕ್ಷೆಯಲ್ಲಿ ಕೇಬಲ್ ರಸ್ತೆಯ ಎಡಬದಿಯಲ್ಲಿತ್ತು, ನೆಲದಲ್ಲಿ ಬಲಬದಿಯಲ್ಲಿತ್ತು. ಹೂಳುವ ದಿನ ಬಂಡೆ ಅಡ್ಡ ಬಂದಿತೆಂದು ದಾರಿ ಬದಲಿಸಿದವರು ಕಾಗದವನ್ನು ತಿದ್ದಿರಲಿಲ್ಲ. ಆ ಮನೆಗಳವರ ಸಿಟ್ಟು ಅಗೆದವರ ಮೇಲಿತ್ತು. ನನಗೆ ಮಾತ್ರ ಅಗೆದ ಆ ಕೂಲಿಗಾರರ ಬಗ್ಗೆ ಮರುಕವೇ ಉಂಟಾಗಿತ್ತು.

ಆಳದ ವಿಷಯದಲ್ಲಿ ರಾಜಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ತಿಳಿದ ಒಂದು ಉದಾಹರಣೆಯಿದೆ. ಮಣ್ಣಿನಲ್ಲಿ ನೇರವಾಗಿ ಹೂಳುವ ಕೇಬಲ್ಲುಗಳನ್ನು ಸಾಮಾನ್ಯವಾಗಿ 60ರಿಂದ 120 ಸೆಂಟಿಮೀಟರ್ ಆಳದಲ್ಲಿ ಇಡುತ್ತಾರೆ. ಇದು ನಿಧಾನದ, ದುಬಾರಿಯ ಕೆಲಸವಾದ್ದರಿಂದ ರಸ್ತೆಯ ಡಾಂಬರಿನಲ್ಲಿ ಕೆಲವೇ ಸೆಂಟಿಮೀಟರ್ ಅಗಲದ ಸೀಳು ಕೊಯ್ದು ಕೇಬಲ್ ಇಳಿಸಿ ಮುಚ್ಚುವ ವಿಧಾನ ಬಂದಿತು. ಅದನ್ನು ಮೈಕ್ರೋಟ್ರೆಂಚಿಂಗ್ ಎನ್ನುತ್ತಾರೆ. ಒಂದಡಿಯ ಆಸುಪಾಸಿನ ಆಳದಲ್ಲಿ ಎಚ್ಚರಿಕೆಯಿಂದ ಮಾಡಿದರೆ ಅದು ಒಳ್ಳೆಯ ವಿಧಾನವೇ. ಆದರೆ ಅಮೆರಿಕದ ಲೂಯಿವಿಲ್ ನಗರದಲ್ಲಿ ಗೂಗಲ್ ಫೈಬರ್ ಸುಮಾರು ಎರಡೇ ಅಂಗುಲ ಆಳದ ಸೀಳುಗಳನ್ನು ಪ್ರಯೋಗಿಸಿತು. ಮುಚ್ಚಲು ತುಂಬಿದ್ದ ಅಂಟು ಕಿತ್ತುಬಂದು ಕೇಬಲ್ಲುಗಳು ರಸ್ತೆಯ ಮೇಲೆ ಕಾಣಿಸಿಕೊಂಡವು. ಕೊನೆಗೆ 2019ರಲ್ಲಿ ಕಂಪನಿ ಆ ನಗರದ ಸೇವೆಯನ್ನೇ ನಿಲ್ಲಿಸಿತು. ನೆಲದೊಳಗೆ ಎಂಬ ಒಂದೇ ಪದದಲ್ಲಿ ಎರಡು ಅಂಗುಲವೂ ಅಡಗಿರಬಹುದು, ನಾಲ್ಕಡಿಯೂ ಅಡಗಿರಬಹುದು. ಕಂಪನಿ ನಿಮ್ಮ ಬೀದಿಯಲ್ಲಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಕೇಳಿ ಬರೆಸಿಕೊಳ್ಳಿ.

ನೀರಿನ ಮಾತಿಗೆ ಹೆಚ್ಚು ಹೊತ್ತು ಬೇಡ. ನೆಲದ ಪೈಪುಗಳಲ್ಲಿ ವರ್ಷವಿಡೀ ನೀರು ನಿಂತಿರುವುದು ಸಾಮಾನ್ಯ, ಕೇಬಲ್ಲುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ. ತೊಂದರೆ ಬರುವುದು ಜೋಡಣೆಯ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದೆ ನೀರು ಒಳಹೊಕ್ಕಾಗ, ಮತ್ತು ಚಳಿಯ ನಾಡುಗಳಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ ಕೇಬಲ್ಲನ್ನು ಹಿಂಡಿದಾಗ.

ಕಂಬದ ಕೇಬಲ್ಲಿನ ಕಷ್ಟಗಳು ಬೇರೆ ಬಗೆಯವು. ಅದು ಎಲ್ಲರ ಕಣ್ಣಿಗೂ ಕಾಣುವುದರಿಂದ ಅಗೆಯುವವರ ಕಾಟವಿಲ್ಲ. ಆದರೆ ಮರದ ಕೊಂಬೆ ಬೀಳುತ್ತದೆ, ಎತ್ತರದ ಸರಕು ಹೊತ್ತ ಲಾರಿ ತಗುಲಿಸಿಕೊಂಡು ಹೋಗುತ್ತದೆ, ಅಳಿಲು ಹಲ್ಲು ಮಸೆಯುತ್ತದೆ, ಬೆಂಕಿ ಬಿದ್ದರೆ ಕರಗುತ್ತದೆ. ಇವೆಲ್ಲವುಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಕಟ್ಟುವವರ ಅತಿ ಉತ್ಸಾಹ. ಕೇಬಲ್ ನೆಟ್ಟಗೆ, ಅಚ್ಚುಕಟ್ಟಾಗಿ ಕಾಣಲೆಂದು ಬಿಗಿದು ಕಟ್ಟುತ್ತಾರೆ. ಎರಡು ಕಂಬಗಳ ನಡುವೆ ಕೇಬಲ್ ಎಷ್ಟು ಜೋಲುತ್ತದೆಯೋ ಅಷ್ಟು ಅದಕ್ಕೆ ಆರಾಮ. ಜೋಲು ಅರ್ಧವಾದರೆ ಎಳೆತ ಇಮ್ಮಡಿಯಾಗುತ್ತದೆ. ಕಂಬಗಳ ಅಂತರ 50 ಮೀಟರ್, ಕೇಬಲ್ಲಿನ ತೂಕ ಮೀಟರಿಗೆ 100 ಗ್ರಾಂ ಎಂದಿಟ್ಟುಕೊಳ್ಳಿ. ನಡುವೆ ಅರ್ಧ ಮೀಟರ್ ಜೋಲಿದರೆ ಎಳೆತ ಸುಮಾರು 600 ನ್ಯೂಟನ್, ಅಂದರೆ ಸುಮಾರು 60 ಕಿಲೋ ಭಾರ ತೂಗುಹಾಕಿದಂತೆ. ಅದನ್ನೇ ಕಾಲು ಮೀಟರ್ ಜೋಲಿಗೆ ಬಿಗಿದರೆ 1,200 ನ್ಯೂಟನ್. ಸಾಮಾನ್ಯ ಹೊರಾಂಗಣ ಕೇಬಲ್ಲು ಎಳೆದು ಹಾಕುವ ಕೆಲವು ನಿಮಿಷಗಳ ಮಟ್ಟಿಗೆ 2,700 ನ್ಯೂಟನ್ ತಾಳಬಲ್ಲದು. ವರ್ಷಗಟ್ಟಲೆ ಹೊರಲು ಅದಕ್ಕೆ ಹೇಳಿರುವ ಮಿತಿ ಸುಮಾರು ಅದರ ಮೂರನೇ ಒಂದು ಭಾಗ. ಹೀಗೆ ಚೆಂದಕ್ಕಾಗಿ ಬಿಗಿದ ಕೇಬಲ್ ಮೊದಲ ದಿನದಿಂದಲೇ ಮಿತಿ ಮೀರಿರುತ್ತದೆ. ಅದರ ಮೇಲೆ ಚಳಿಗೆ ಅದು ಕುಗ್ಗುತ್ತದೆ, ಗಾಳಿ ತಳ್ಳುತ್ತದೆ, ಹಿಮ ಬೀಳುವಲ್ಲಿ ಮಂಜುಗಡ್ಡೆ ಅಂಟಿಕೊಂಡು ಭಾರ ಹಲವು ಪಟ್ಟು ಏರುತ್ತದೆ. ನಿಮ್ಮ ಬೀದಿಯಲ್ಲಿ ಕೆಲಸ ಮುಗಿದ ದಿನ ಕೇಬಲ್ ಸ್ವಲ್ಪ ಜೋತುಬಿದ್ದಂತೆ ಕಂಡರೆ ದೂರು ಕೊಡಬೇಡಿ.

ವಿದ್ಯುತ್ ಕಂಬಗಳ ಮೇಲೆ ಸಂಪರ್ಕದ ಕೇಬಲ್ಲುಗಳನ್ನು ವಿದ್ಯುತ್ ತಂತಿಗಳ ಕೆಳಗೆ, ನಡುವೆ ಸುರಕ್ಷತೆಯ ಅಂತರ ಬಿಟ್ಟು ಕಟ್ಟಬೇಕು. ಅಂತರದ ಅಳತೆಯನ್ನು ಆಯಾ ದೇಶದ ನಿಯಮ ಹೇಳುತ್ತದೆ. ಅಂದಾಜಿಗೆ ಒಂದು ಮೀಟರ್ ಎಂದುಕೊಳ್ಳಬಹುದು. ಕಂಬ ವಾಲಿದ್ದರೆ ಅಥವಾ ಬುಡ ಲಡ್ಡಾಗಿದ್ದರೆ ಕೇಬಲ್ಲಿನ ಭಾರ ಹೊರುವ ಮೊದಲು ಅದನ್ನು ಬದಲಿಸಲೇಬೇಕು. ಕಂಬ ಬಿದ್ದರೆ ವಿದ್ಯುತ್ತೂ ಇಂಟರ್ನೆಟ್ಟೂ ಒಂದೇ ಏಟಿಗೆ ಹೋಗುತ್ತವೆ, ಮತ್ತು ವಿದ್ಯುತ್ತಿನವರು ತಮ್ಮ ಕೆಲಸ ಮುಗಿಸುವವರೆಗೆ ಫೈಬರಿನವರು ಕಂಬ ಮುಟ್ಟುವಂತಿಲ್ಲ. ದೊಡ್ಡ ಬಿರುಗಾಳಿಯಲ್ಲಿ ನೆಲದೊಳಗಿನ ಕೇಬಲ್ಲಿಗೆ ಇರುವ ನಿಜವಾದ ಮೇಲುಗೈ ಇದೇ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಬಿದ್ದ ಕೇಬಲ್ ಫೈಬರೇ ಎಂದು ನಿಮಗೆ ಖಚಿತವಿದ್ದರೂ ಮುಟ್ಟಬೇಡಿ, ಅದರ ಉಕ್ಕಿನ ತಂತಿಗೆ ಮೇಲಿನ ವಿದ್ಯುತ್ ತಾಗಿರಬಹುದು. ಕಡಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದೂ ಬೇಡ. ಅದರಲ್ಲಿ ಹರಿಯುವ ಬೆಳಕು ನಮ್ಮ ಕಣ್ಣಿಗೆ ಕಾಣದಂಥದು, ಕಾಣುವುದಿಲ್ಲವೆಂದ ಮಾತ್ರಕ್ಕೆ ಅದು ಅಪಾಯಕಾರಿಯಲ್ಲ ಎನ್ನುವಂತಿಲ್ಲ.

ಕಡಿದ ಮೇಲೆ ಸರಿಪಡಿಸುವ ಹೊತ್ತು ಎರಡರಲ್ಲೂ ಬೇರೆ ಬೇರೆ. ಕಂಬದ ಮೇಲಿನ ಕಡಿತ ರಸ್ತೆಯಿಂದಲೇ ಕಾಣುತ್ತದೆ. ಅಲ್ಲಲ್ಲಿ ಹೆಚ್ಚುವರಿ ಕೇಬಲ್ಲನ್ನು ಸುತ್ತಿಟ್ಟಿದ್ದರೆ ಅದನ್ನು ಎಳೆದುಕೊಂಡು, ಬೆಸೆದು, ಕೆಲವು ಗಂಟೆಗಳಲ್ಲಿ ಮುಗಿಸಬಹುದು. ನೆಲದೊಳಗಿನದಕ್ಕೆ ಮೊದಲು ಓಟಿಡಿಆರ್ ಎಂಬ ಉಪಕರಣದಿಂದ ಬೆಳಕಿನ ಮಿಡಿತ ಕಳಿಸಿ, ಅದು ಮರಳುವ ಸಮಯದಿಂದ ಕಡಿತದ ದೂರ ಅಳೆಯಬೇಕು. ಆದರೆ ಉಪಕರಣ ಹೇಳುವುದು ಎಳೆಯ ಉದ್ದವನ್ನು, ನೆಲದ ಮೇಲಿನ ದೂರವನ್ನಲ್ಲ. ಎಳೆಗಳು ಕೇಬಲ್ಲಿನೊಳಗೆ ಸುರುಳಿಯಾಗಿ ಸಾಗಿರುತ್ತವೆ, ಗುಂಡಿಗಳಲ್ಲಿ ಸುತ್ತಿಟ್ಟ ಉದ್ದವೂ ಅದರಲ್ಲಿ ಸೇರಿರುತ್ತದೆ. ದಾಖಲೆ ಚೆನ್ನಾಗಿದ್ದರೆ ಲೆಕ್ಕ ಸರಿಹೋಗುತ್ತದೆ, ಇಲ್ಲದಿದ್ದರೆ ಎರಡು ಮೂರು ಕಡೆ ಅಗೆದು ಹುಡುಕಬೇಕಾಗುತ್ತದೆ. ಆಮೇಲೆ ನೀರು ತೆಗೆಯಬೇಕು, ರಸ್ತೆ ಅಗೆಯಲು ಅನುಮತಿ ಬೇಕು. ಒಂದು ದಿನದ ಕೆಲಸ ಮೂರು ದಿನವಾಗುವುದು ಹೀಗೆ. ಕಂಬದ ಕೇಬಲ್ಲಿಗೆ ಪೆಟ್ಟು ಹೆಚ್ಚು ಸಲ ಬೀಳುತ್ತದೆ, ಬೇಗ ವಾಸಿಯಾಗುತ್ತದೆ. ನೆಲದ ಕೇಬಲ್ಲಿಗೆ ಪೆಟ್ಟು ಅಪರೂಪ, ಬಿದ್ದರೆ ದೀರ್ಘ. ಒಂದು ದಿನವೂ ತಾಳಲಾಗದ ನಿಮ್ಮಂಥವರಿಗೆ ಎರಡರಲ್ಲಿ ಯಾವುದೂ ಪೂರ್ಣ ಭರವಸೆಯಲ್ಲ. ಮೊಬೈಲ್ ಡೇಟಾದ ಒಂದು ಬದಲಿ ವ್ಯವಸ್ಥೆಯನ್ನು ಯಾವ ಆಯ್ಕೆ ಮಾಡಿದರೂ ಇಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಬಚ್ಚಿಡದೆ ಹೇಳುತ್ತೇನೆ. ಮೇಲೋ ಕೆಳಗೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಕೆಳಗೆ ಹೋಗುವುದಾದರೆ ಪೈಪಿನೊಳಗೋ ಬರೀ ಮಣ್ಣಿನೊಳಗೋ ಎಂಬುದು. ಬರೀ ಮಣ್ಣಿನಲ್ಲಿ ಹೂತ ಕೇಬಲ್ ಹಾಳಾದ ದಿನ ಮತ್ತೆ ಅದೇ ಅಗೆತ, ಅದೇ ಅನುಮತಿ, ಅದೇ ಖರ್ಚು. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪಿನೊಳಗಿದ್ದರೆ, ಪೈಪು ಉಳಿದಿರುವವರೆಗೆ, ಹಳೆಯ ಕೇಬಲ್ಲನ್ನು ಎಳೆದು ಹಾಕಿ ಹೊಸದನ್ನು ಒತ್ತಡದ ಗಾಳಿಯಿಂದ ಊದಿ ತಳ್ಳಬಹುದು; ನೇರವಾದ, ಸ್ವಚ್ಛವಾದ ಪೈಪಿನಲ್ಲಿ ಒಂದೇ ಸಲಕ್ಕೆ ಕಿಲೋಮೀಟರಿಗೂ ಹೆಚ್ಚು ದೂರ ಕೇಬಲ್ ಹೀಗೆ ಸಾಗುವುದನ್ನು ನೋಡುವುದೇ ಒಂದು ಸಂತೋಷ. ತುದಿಗಳನ್ನು ಮುಚ್ಚಿದ ಪೈಪಿನೊಳಗೆ ಇಲಿ ಹೆಗ್ಗಣಗಳು ಸುಲಭವಾಗಿ ಹೋಗಲಾರವು, ಆದ್ದರಿಂದ ಉಕ್ಕಿನ ಕವಚವೂ ಬೇಡ. ಸಿಡಿಲಿನ ದಾರಿ ಮತ್ತು ಇಲಿಯ ದಾರಿ ಎರಡೂ ಒಟ್ಟಿಗೆ ಮುಚ್ಚುತ್ತವೆ. ನೆಲದೊಳಗೆ ಹಾಕುವ ಖರ್ಚಿನಲ್ಲಿ ಬಹುಪಾಲು ಅಗೆಯುವುದಕ್ಕೂ ಮುಚ್ಚುವುದಕ್ಕೂ ಹೋಗುತ್ತದೆ, ಪೈಪಿನ ಪಾಲು ಚಿಕ್ಕದು. ಆದ್ದರಿಂದ ಕಂಪನಿ ನೇರವಾಗಿ ಮಣ್ಣಿನಲ್ಲಿ ಹೂಳುತ್ತೇನೆಂದರೆ, ಅದಕ್ಕಾಗಿ ಎಂಟು ತಿಂಗಳು ಕಾಯಲು, ಖರ್ಚಿನ ಪಾಲು ಹೊರಲು ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಕಂಬದ ಮೇಲಿನದೇ ಅದಕ್ಕಿಂತ ಮೇಲು.

ಪೈಪಿನೊಳಗೆ ಹಾಕುತ್ತೇನೆ, ಒಂದು ಖಾಲಿ ಪೈಪನ್ನೂ ಜೊತೆಗೆ ಬಿಡುತ್ತೇನೆ, ಕೆಲಸ ಮುಗಿದ ಮೇಲೆ ಅಳತೆ ಸಮೇತ ನಕ್ಷೆ ಕೊಡುತ್ತೇನೆ ಎಂದು ಕಂಪನಿ ಒಪ್ಪಿದರೆ ಮಾತು ಬೇರೆ. ಆಗ ಎಂಟು ತಿಂಗಳು ಹೆಚ್ಚಲ್ಲ. ಆದರೆ ನಲವತ್ತು ಮನೆಗಳಲ್ಲಿ ಎಲ್ಲರೂ ಅಷ್ಟು ಕಾಯಲು, ಅಷ್ಟು ಕೊಡಲು ಸಿದ್ಧರಿರುವುದಿಲ್ಲ. ಇಂಥ ಚರ್ಚೆಗಳು ವರ್ಷಗಟ್ಟಲೆ ಎಳೆದು, ಕೊನೆಗೆ ಯಾವ ಕೇಬಲ್ಲೂ ಬಾರದೆ ಹೋದ ಬೀದಿಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ನಿಮ್ಮ ಮಟ್ಟಿಗೆ ಮೂರನೆಯ ದಾರಿಯೊಂದನ್ನು ಸೂಚಿಸುತ್ತೇನೆ: ಬೀದಿಯ ಮುಖ್ಯ ಕೇಬಲ್ ಕಂಬದ ಮೇಲೆ ಬರಲಿ, ನಿಮ್ಮ 140 ಮೀಟರ್ ಮಾತ್ರ ನೆಲದೊಳಗಿರಲಿ.

ಕಾರಣವಿದೆ. ಮನೆಗೆ ಎಳೆಯುವ ತೆಳು ಕೇಬಲ್ಲುಗಳು ಸಾಮಾನ್ಯವಾಗಿ 50–60 ಮೀಟರಿಗಿಂತ ಹೆಚ್ಚು ದೂರ ಆಸರೆಯಿಲ್ಲದೆ ತೂಗುವಂಥವಲ್ಲ. 140 ಮೀಟರಿಗೆ ನಡುವೆ ಕನಿಷ್ಠ ಎರಡು ಕಂಬ ನೆಡಬೇಕು. ಅದರ ಬದಲು ಮರಗಳಿಗೆ ಕಟ್ಟೋಣ ಎಂದು ಕೆಲಸದವರು ಹೇಳಬಹುದು, ದಯವಿಟ್ಟು ಒಪ್ಪಬೇಡಿ. ಮರ ಗಾಳಿಗೆ ತೂಗುತ್ತದೆ, ವರ್ಷವರ್ಷವೂ ದಪ್ಪವಾಗುತ್ತದೆ, ಕೇಬಲ್ಲನ್ನು ಒಮ್ಮೆ ಎಳೆದು ಒಮ್ಮೆ ಉಜ್ಜಿ ಕೆಲವೇ ವರ್ಷಗಳಲ್ಲಿ ಸವೆಸುತ್ತದೆ. ಮತ್ತೊಂದು ಕಡೆ, ನಿಮ್ಮ ಜಾಗದೊಳಗೆ ಅಗೆಯಲು ರಸ್ತೆಯ ಅನುಮತಿ ಬೇಕಿಲ್ಲ, ಅಲ್ಲಿ ಅಪರಿಚಿತರು ಅಗೆಯುವುದೂ ಇಲ್ಲ. ನೆಲದ ಕೇಬಲ್ಲಿನ ಅತಿ ದೊಡ್ಡ ಶತ್ರು ಅಲ್ಲಿಲ್ಲ, ಕಂಬದ ಕೇಬಲ್ಲಿನ ಅತಿ ದೊಡ್ಡ ಶತ್ರುವಾದ ಮರ ಅಲ್ಲೇ ಇದೆ. ಲೆಕ್ಕ ನೆಲದ ಕಡೆಗೇ ವಾಲುತ್ತದೆ.

ಅಗೆಸುವಾಗ ಕೆಲವು ಸಂಗತಿಗಳನ್ನು ನೀವೇ ನಿಂತು ನೋಡಿಕೊಳ್ಳಿ. ಆಳ 45ರಿಂದ 60 ಸೆಂಟಿಮೀಟರ್ ಇರಲಿ, ವಾಹನ ಓಡಾಡುವಲ್ಲಿ ಇನ್ನೂ ಆಳವಿರಲಿ. ಮರದ ಬುಡದಿಂದ ದೂರ ಸರಿದು ಹೋಗಿ. ದಪ್ಪ ಬೇರು ಕಡಿದರೆ ಮರಕ್ಕೂ ಕೇಡು, ಮುಂದೊಂದು ದಿನ ಆ ಮರ ಉರುಳಿದರೆ ಬೇರಿನೊಂದಿಗೆ ಪೈಪೂ ಕಿತ್ತುಬರುತ್ತದೆ. ಪೈಪು ಒಳಗೆ ನುಣುಪಾಗಿದ್ದು 25ರಿಂದ 32 ಮಿಲಿಮೀಟರ್ ಅಗಲವಿರಲಿ. ತಿರುವುಗಳಲ್ಲಿ ನೀರಿನ ನಲ್ಲಿಗೆ ಹಾಕುವಂಥ ಲಂಬಕೋನದ ಎಲ್ಬೋ ಹಾಕಿಸಬೇಡಿ. ಪೈಪನ್ನೇ ಅಗಲವಾಗಿ, ಬಿಲ್ಲಿನಂತೆ ಬಾಗಿಸಬೇಕು. ಕೇಬಲ್ಲನ್ನು ಎಳೆಯುವಾಗ ಅದರ ದಪ್ಪದ ಇಪ್ಪತ್ತು ಪಟ್ಟು, ಎಳೆದು ಇಟ್ಟ ಮೇಲೆ ಹತ್ತು ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು ಎಂಬುದು ಸಾಮಾನ್ಯ ನಿಯಮ. ನಡುದಾರಿಯಲ್ಲಿ ಒಂದು ಮುಚ್ಚಳವಿರುವ ಗುಂಡಿಪೆಟ್ಟಿಗೆ ಇದ್ದರೆ ಎಳೆಯುವುದು ಸಲೀಸು. ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನು ಮೊದಲೇ ಬಿಡಿ, ಕೇಬಲ್ ಎಳೆದ ಮೇಲೂ ಇನ್ನೊಂದು ಹಗ್ಗ ಉಳಿದಿರಲಿ. ಮನೆಯ ಕಡೆಯ ತುದಿಯನ್ನು ಭದ್ರವಾಗಿ ಮುಚ್ಚಿಸಿ, ಇಲ್ಲದಿದ್ದರೆ ಮಳೆನೀರು ಪೈಪಿನ ದಾರಿಯಲ್ಲೇ ಗೋಡೆಯೊಳಗೆ ಬರುತ್ತದೆ. ಗುರುತಿನ ತಂತಿ ಹಾಕಿಸಿದರೆ ಅದರ ತುದಿ ಮನೆಯ ಹೊರಗೇ ನಿಲ್ಲಬೇಕು. ಸಿಡಿಲಿನ ಬಗ್ಗೆ ಮೇಲೆ ಹೇಳಿದ ಮಾತು ಅದಕ್ಕೂ ಅನ್ವಯಿಸುತ್ತದೆ. ಮಣ್ಣು ಮುಚ್ಚುವ ಮೊದಲು ಅಳತೆಪಟ್ಟಿ ಹಾಸಿ, ಮನೆಯ ಮೂಲೆಯೋ ಬಂಡೆಯೋ ಜೊತೆಗೆ ಕಾಣುವಂತೆ ಫೋಟೋಗಳನ್ನು ತೆಗೆದಿಡಿ.

ಕೇಬಲ್ಲಿನ ಎಳೆ ಜಿ.657 ಎ2 ಮಾದರಿಯದಾಗಿರಲಿ. ಇದು 7.5 ಮಿಲಿಮೀಟರ್ ತ್ರಿಜ್ಯದ ಬಾಗನ್ನೂ ಹೆಚ್ಚು ನಷ್ಟವಿಲ್ಲದೆ ತಾಳುವ ಎಳೆ, ಹಳೆಯ ಜಿ.652 ಮಾದರಿಯ ಬಾಗಿನ ಪರೀಕ್ಷೆಯೇ 30 ಮಿಲಿಮೀಟರ್ ತ್ರಿಜ್ಯದ್ದು. ಗೋಡೆಯ ಮೂಲೆ, ಮೇಜಿನ ಹಿಂಬದಿಗಳಲ್ಲಿ ಈ ವ್ಯತ್ಯಾಸ ಬೆಲೆಯುಳ್ಳದ್ದು. ಸಂಪರ್ಕ ಕೊಟ್ಟ ದಿನ ನಿಮ್ಮ ಮನೆಯಲ್ಲಿ ಬರುತ್ತಿರುವ ಬೆಳಕಿನ ಪ್ರಮಾಣವನ್ನು ಅಳೆದು ತೋರಿಸಲು ಹೇಳಿ. ಒಂದು ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುವ ಸಾಮಾನ್ಯ ಜಿಪಾನ್ ಜಾಲದಲ್ಲಿ ಮನೆಯ ಪೆಟ್ಟಿಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂವರೆಗೆ ಕೆಲಸ ಮಾಡುತ್ತದೆ. ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಒಂದು ಎಳೆಯ ಬೆಳಕನ್ನು 32 ಮನೆಗಳಿಗೆ ಹಂಚುವುದರಲ್ಲೇ ಸುಮಾರು 17 ಡೆಸಿಬೆಲ್ ಹೋಗುವುದರಿಂದ ಮೈನಸ್ 20ರ ಆಸುಪಾಸಿನ ಅಂಕಿ ಕಂಡರೆ ಗಾಬರಿಯಾಗಬೇಕಿಲ್ಲ. ಮೈನಸ್ 25ಕ್ಕಿಂತ ಕೆಳಗಿದ್ದರೆ ಮಾತ್ರ, ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿದ್ದರೂ, ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ. ಎಲ್ಲೋ ಕನೆಕ್ಟರ್ ಕೊಳೆಯಾಗಿದೆ ಅಥವಾ ಎಳೆ ಬಾಗಿದೆ ಎಂದರ್ಥ. ಒರೆಸಿದರೆ ಅರ್ಧದಷ್ಟು ಪ್ರಕರಣಗಳು ಅಲ್ಲೇ ಸರಿಹೋಗುತ್ತವೆ ಎಂಬುದು ನನ್ನ ಅನುಭವ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎರಡು ವರ್ಷದ ನಂತರ ತೊಂದರೆ ಬಂದಾಗ, ಅಂದು ಮೈನಸ್ 19 ಇತ್ತು ಇಂದು ಮೈನಸ್ 26 ಆಗಿದೆ ಎಂದು ನೀವು ಹೇಳಿದರೆ, ದೂರು ಕೇಳುವವರು ಪೆಟ್ಟಿಗೆ ಆರಿಸಿ ಹಚ್ಚಿ ಎಂದು ಹೇಳಿ ಕಳಿಸಲಾರರು.

ಬೀದಿಯ ಪರವಾಗಿ ಕಂಪನಿಯನ್ನು ಕೇಳಬೇಕಾದದ್ದೂ ಇದೆ. ಕಂಬಗಳು ಯಾರವು, ಹೊಸ ಭಾರ ಹೊರಬಲ್ಲವೇ ಎಂದು ಪರೀಕ್ಷಿಸಿದ್ದಾರೆಯೇ, ಪ್ರತಿ ಕೆಲವು ಕಂಬಗಳಿಗೊಮ್ಮೆ ಹೆಚ್ಚುವರಿ ಕೇಬಲ್ ಸುತ್ತಿಡುತ್ತಾರೆಯೇ, ಕೊಂಬೆ ಕತ್ತರಿಸುವ ಹೊಣೆ ಯಾರದು, ಕಡಿದರೆ ಎಷ್ಟು ಗಂಟೆಗಳೊಳಗೆ ಬರುತ್ತಾರೆ. ಕೊನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು. ಇನ್ನೊಂದು ಮಾತನ್ನು ನೆರೆಯವರ ಕಿವಿಗೂ ಹಾಕಿ: ಮುಂದೆ ನೀರಿಗಾಗಿಯೋ ಚರಂಡಿಗಾಗಿಯೋ ನಿಮ್ಮ ರಸ್ತೆ ಹೇಗೂ ಅಗೆಯಲ್ಪಟ್ಟಾಗ, ಆ ಕಾಲುವೆ ಮುಚ್ಚುವ ಮೊದಲು ಎರಡು ಖಾಲಿ ಪೈಪುಗಳನ್ನು ಅದರಲ್ಲಿ ಇಡಿಸಿ. ಬೇರೆಯವರು ತೆರೆದ ಗುಂಡಿಯಲ್ಲಿ ಪೈಪ್ ಇಡುವುದಕ್ಕಿಂತ ಅಗ್ಗವಾದ ನೆಲದೊಳಗಿನ ಕೆಲಸ ಇನ್ನೊಂದಿಲ್ಲ.

ನಿಮ್ಮ ಪೈಪಿನ ರಸ್ತೆಯ ತುದಿಯನ್ನು ಆ ದಿನವನ್ನು ನೆನಪಿನಲ್ಲಿಟ್ಟುಕೊಂಡೇ ಮುಗಿಸಿ. ಕಂಬದ ಬುಡದಲ್ಲಿ ಒಂದು ಚಿಕ್ಕ ಗುಂಡಿಪೆಟ್ಟಿಗೆ ಇಟ್ಟು, ಅಲ್ಲಿಂದ ಕಂಬದ ಮೈಗೆ ಎರಡೂವರೆ ಮೀಟರ್ ಎತ್ತರದವರೆಗೆ ಗಟ್ಟಿ ಕೊಳವೆಯ ರಕ್ಷಣೆ ಕೊಡಿಸಿ. ಸದ್ಯಕ್ಕೆ ಕೇಬಲ್ ಮೇಲಿನಿಂದ ಇಳಿದು ನಿಮ್ಮ ಪೈಪನ್ನು ಸೇರುತ್ತದೆ. ಬೀದಿಯ ಕೇಬಲ್ ಎಂದಾದರೂ ನೆಲಕ್ಕಿಳಿದಾಗ ಅದೇ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡರಾಯಿತು, ನಿಮ್ಮ ಅಂಗಳವನ್ನು ಮತ್ತೆ ಯಾರೂ ಅಗೆಯಬೇಕಾಗುವುದಿಲ್ಲ.